ಸತ್ಯಾಂಶ: ಜೈಲಿನ ಪಟ್ಟಿಯಲ್ಲಿ ಹೆಸರಿದ್ದರೆ ಅಪರಾಧಿಯೇ?

ಅಮೆರಿಕದ ಜೈಲು ಪಟ್ಟಿಯಲ್ಲಿ ಫೋಟೋ ಬಂದವರೆಲ್ಲ ಅಪರಾಧಿಗಳು, ದುಡ್ಡು ಕೊಟ್ಟರಷ್ಟೇ ಅದನ್ನು ಅಳಿಸ್ತಾರೆ ಅನ್ನೋ ಸಂದೇಶ ಹರಿದಾಡುತ್ತಿದೆ. ಎರಡೂ ನಿಜವಲ್ಲ.

ಫ್ಲಾರಿಡಾವನ್ನೇ ನೋಡಿ. ಹಳ್ಳಿಗಾಡಿನ ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂಥ ವಿಭಾಗ) ಸಾಮಾನ್ಯವಾಗಿ ಷೆರಿಫ್ (ಕೌಂಟಿಯ ಪೊಲೀಸ್ ಮುಖ್ಯಸ್ಥ) ಕಚೇರಿಯೇ ಜೈಲು ನಡೆಸುತ್ತದೆ. ಬಂಧಿಸಿ ತಂದವರ ಹೆಸರು, ಫೋಟೋ, ಆರೋಪ, ಜಾಮೀನಿನ ಮೊತ್ತ ಅಲ್ಲಿ ದಾಖಲಾಗುತ್ತವೆ. ಅದು ಬರೀ ಆರೋಪ, ತೀರ್ಪಲ್ಲ. ಕೇಸು ವಜಾ ಆಯ್ತಾ, ಶಿಕ್ಷೆ ಆಯ್ತಾ ಅಂತ ತಿಳಿಯಲು ಕೌಂಟಿಯ ಕೋರ್ಟ್ ಕ್ಲರ್ಕ್ ಕಚೇರಿಯ ದಾಖಲೆ ನೋಡಬೇಕು.

ಕೇಸು ಬಿದ್ದುಹೋದ ಮೇಲೂ ಖಾಸಗಿ ವೆಬ್‌ಸೈಟ್‌ಗಳಲ್ಲಿ ಫೋಟೋ ಉಳಿದು ಕೆಲಸಕ್ಕೇ ಕುತ್ತು ತರಬಹುದು. ದೊಡ್ಡ ಅನ್ಯಾಯ ಅಲ್ವಾ? ಅಂಥ ಫೋಟೋ ತೆಗೆಯಲು ದುಡ್ಡು ಕೇಳುವುದಕ್ಕೆ ಫ್ಲಾರಿಡಾದಲ್ಲಿ 2018ರಿಂದ ನಿಷೇಧವಿದೆ. ಫೋಟೋದಲ್ಲಿರುವವರು ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಬರೆದು ಕೇಳಿದರೆ, ಅಂಥ ವೆಬ್‌ಸೈಟ್‌ಗಳು 10 ದಿನದೊಳಗೆ ಪುಕ್ಕಟೆಯಾಗಿ ತೆಗೆಯಬೇಕು.