ಕಾಲ್ಚೀಲದ ಬೇಸಾಯ

ಅಂತರಗಂಗೆ ಬೆಟ್ಟ ಹತ್ತೋದು ನಮ್ಮ ಯಜಮಾನರ ಆರೋಗ್ಯಕ್ಕೆ, ಅಲ್ಲಿಂದ ತಂದ ಮುಳ್ಳು ಕೀಳೋದು ನನ್ನ ಪಾಲಿಗೆ. ಮಳೆ ನಿಂತು ಹುಲ್ಲು ಒಣಗಿತೋ, ಕೋಲಾರದ ಅರ್ಧ ಕಾಡು ಇವರ ಕಾಲ್ಚೀಲ ಹತ್ತಿ ಮನೆಗೆ ಬರುತ್ತೆ. ಇವರು ಅದನ್ನ ಉಂಡೆ ಮಾಡಿ ನೇರ ವಾಷಿಂಗ್ ಮೆಷಿನ್ನಿಗೆ ಎಸೀತಾರೆ. "ನೀರಲ್ಲಿ ನೆನೆದ್ರೆ ತಾನೇ ಬಿಡುತ್ತೆ ಕಣೇ."

ಬಿಡಲ್ಲ. ಊಬಿನ ಹುಲ್ಲಿನ ಬೀಜದ ಬುಡ ಚೂಪು, ಅದರ ಮೇಲೆ ಹಿಂದಕ್ಕೆ ಬಾಗಿದ ಗಡಸು ರೋಮ. ಇನ್ನೊಂದು ತುದಿಯ ಉದ್ದ ಬಾಲವೇ ಊಬು. ಒಣಗಿದಾಗ ಹುರಿಗೊಂಡಿರುತ್ತೆ, ನೀರು ತಾಗಿದರೆ ಹುರಿ ಬಿಚ್ಚುತ್ತಾ ತಿರುಗುತ್ತೆ. ಹಾಗೆ ತಿರುಗಿ ತಿರುಗಿ ಬೀಜ ಮಣ್ಣಿಗಿಳೀಲಿ ಅನ್ನೋದು ಹುಲ್ಲಿನ ಲೆಕ್ಕ. ಮಣ್ಣು ಸಿಗದಿದ್ರೆ ಮೆಷಿನ್ನಲ್ಲಿ ಜೊತೆಗೆ ಬಿದ್ದ ಬನಿಯನ್ ಆದ್ರೂ ಆದೀತು!

ಮೊನ್ನೆ ಆಗಿದ್ದೂ ಅದೇ. ಬೀಗರ ಎದುರು ಕಾಫಿ ಲೋಟ ಹಿಡಿದು ಕೂತವರು ಇದ್ದಕ್ಕಿದ್ದಂತೆ ಎಡಭುಜ ಕುಣಿಸಿದರು. ಆಮೇಲೆ ಬಲಭುಜ. ಸೋಫಾಕ್ಕೆ ಬೆನ್ನು ಉಜ್ಜಿದರು, ಅದು ಇನ್ನೂ ಒಳಗಿಳೀತು. "ಇರುವೆ, ಇರುವೆ" ಅಂತ ಅಂಗಿಯೊಳಗೆ ಕೈ ತೂರಿಸಿದಾಗ ಬೀಗರು ಪಾಪ, ಮರ್ಯಾದೆಯಿಂದ ಕ್ಯಾಲೆಂಡರ್ ಕಡೆ ತಿರುಗಿದರು. ಇರುವೆಯಂತೆ! ಅವರೇ ಒಗೆಯಕ್ಕೆ ಹಾಕಿದ ಬೆಟ್ಟ ಅದು.

ಒಣಗಿರುವಾಗಲೇ ಕೀಳಬೇಕು ಸ್ವಾಮಿ. ಅದೂ ಬಾಲ ಹಿಡಿದು ಎಳೆದರೆ ರೋಮ ತಡೆದು ಬಾಲವಷ್ಟೇ ಕಿತ್ತು ಬರುತ್ತೆ, ಬುಡ ಅಲ್ಲೇ. ಕಾಲ್ಚೀಲ ಒಳಮಗುಚಿ, ಇಣುಕೋ ಚೂಪು ತುದೀನ ಚಿಮುಟದಲ್ಲಿ ಹಿಡಿದು ಆ ಕಡೆಯಿಂದಲೇ ಎಳೀರಿ. ಉತ್ತರಾಣಿ ಗಿಡದ ಮುಳ್ಳಿಗೆ ಇಷ್ಟು ಕಷ್ಟವಿಲ್ಲ. ಕದಿರಿನುದ್ದಕ್ಕೂ ಕಾಯಿ ತಲೆಕೆಳಗಾಗಿ ಅಂಟಿರುತ್ತೆ, ಹೂವಿನ ಬುಡದ ಕಿರುಪತ್ರಗಳೇ ಮುಳ್ಳಾಗಿ ಬಟ್ಟೆ ಕಚ್ಚೋದು. ಹಳೇ ಬಾಚಣಿಗೆ ಸಾಕು. ನೆಗ್ಗಿಲು ಮುಳ್ಳು ಮಾತ್ರ ಚಪ್ಪಲಿ ಅಟ್ಟೆಗೇ ಹೊಕ್ಕುತ್ತೆ. ಕಾಯಿ ಒಣಗಿ ಐದು ಹೋಳಾದರೆ, ಯಾವ ಹೋಳು ಹೇಗೆ ಬಿದ್ದರೂ ಒಂದು ಮುಳ್ಳು ಮೇಲೆ ನೋಡ್ತಿರುತ್ತೆ. ಕಿತ್ತದ್ದನ್ನ ಹೂಕುಂಡಕ್ಕೆ ಹಾಕಬೇಡಿ, ಮುಂದಿನ ಮಳೆಗೆ ಅಲ್ಲೇ ಮೊಳೆತು ನಿಲ್ಲುತ್ತೆ.

ಚಿಕ್ಕವರಿದ್ದಾಗ ಇದೇ ಊಬಿಗೆ ಎಂಜಲು ಹಚ್ಚಿ ಅಂಗೈ ಮೇಲೆ ಇಟ್ಕೊಂಡು, ಅದು ಹುಳದ ಹಾಗೆ ಹೊರಳೋದನ್ನ ನೋಡ್ತಾ ಹೊಲದ ಬದುವಲ್ಲಿ ಕೂತಿರ್ತಿದ್ವಿ. ಆ ಬದು ಈಗ ಲೇಔಟು.

ಗಣೇಶನ ಹಬ್ಬ ಬಂದರೆ ನಮ್ಮ ಯಜಮಾನರು ಪೇಟೆಗೆ ಹೋಗಿ 21 ಪತ್ರೆಯ ಕಟ್ಟು ತರ್ತಾರೆ. ಅದರಲ್ಲಿ ಉತ್ತರಾಣಿ ಇದೆಯೋ ಇಲ್ಲವೋ ಅಂತ ಬಿಚ್ಚಿ ನೋಡಿ, ದುಡ್ಡು ಕೊಟ್ಟು!