ನಿಂಬೆ ಹಿಂಡೋಕಲ್ಲ, ಮಾತಾಡೋಕೆ

ನಮ್ಮ ಗೃಹಪ್ರವೇಶಕ್ಕೆ ಬಂದ ಗೋಡೆ ಗಡಿಯಾರಗಳು ಈಗ ಯಾರ್ಯಾರ ಗೋಡೆ ಮೇಲೆ ಓಡುತ್ತಿವೆಯೋ, ಆ ದೇವರಿಗೇ ಗೊತ್ತು. ಲೆಮನ್ ಸೆಟ್ಟುಗಳೂ ಹಾಗೇ ಹೋದವು. ಇಂಥ ಉಡುಗೊರೆಗಳು ಒಂದು ಮನೆಯಲ್ಲಿ ನಿಲ್ಲುವುದಿಲ್ಲ. ಅಟ್ಟದ ಮೇಲೆ ಸ್ವಲ್ಪ ಕಾಲ ವಿಶ್ರಾಂತಿ, ಆಮೇಲೆ ಹೊಸ ಬಣ್ಣದ ಕಾಗದ, ಮುಂದಿನ ಮದುವೆ. ಒಂದು ಕ್ಯಾಸೆರೋಲ್ ಅಂತೂ ನೆಂಟರ ಮನೆಗಳನ್ನೆಲ್ಲ ಸುತ್ತಿ ನಮಗೇ ವಾಪಸ್ ಬಂದಿತ್ತು. ಮುಚ್ಚಳದ ಒಳಗೆ ಅತ್ತೆ ಗುರುತಿಗೆಂದು ಇಟ್ಟಿದ್ದ ನೇಲ್ ಪಾಲಿಷ್ ಚುಕ್ಕೆಯಿಂದ ಗೊತ್ತಾಯಿತು.

ಎಲ್ಲಿಗೂ ಹೋಗದೆ ಉಳಿದವು ನಮ್ಮವರ ಚಿಕ್ಕಪ್ಪನ ಮಗ ಕೊಟ್ಟವು ಮಾತ್ರ. ಅವನು ಬೆಂಗಳೂರಲ್ಲಿ ಡಿಸೈನರ್. ಏನು ಡಿಸೈನ್ ಮಾಡುತ್ತಾನೆ ಅಂತ ಮೈಸೂರಿನಲ್ಲಿರುವ ನಮಗೆ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಕೇಳಿದರೆ 'ಅನುಭವ' ಅನ್ನುತ್ತಾನೆ. ಅವನು ತಂದದ್ದನ್ನು ಬೇರೆಯವರಿಗೆ ದಾಟಿಸುವ ಹಾಗೇ ಇಲ್ಲ. ನೋಡಿದ ಕೂಡಲೇ ಯಾರು ಕೊಟ್ಟದ್ದು ಅಂತ ಇಡೀ ಬಳಗಕ್ಕೆ ಗೊತ್ತಾಗುತ್ತದೆ.

ಗೃಹಪ್ರವೇಶದ ದಿನ ಅವನ ಡಬ್ಬಿ ಬಿಚ್ಚಿದಾಗ ಒಳಗಿಂದ ಹೊರಬಂದದ್ದು ಮೂರು ಸಪೂರ ಕಾಲಿನ, ಫಳಫಳ ಹೊಳೆಯುವ ಒಂದು ಅಲ್ಯೂಮಿನಿಯಂ ಪ್ರಾಣಿ. "ಜೇಡಾನಾ?" ಅಂದಳು ಮಗಳು. "ಕ್ಯಾಮೆರಾ ಸ್ಟ್ಯಾಂಡು" ಅಂದರು ನಮ್ಮವರು, ಎಲ್ಲ ಗೊತ್ತಿರುವವರ ಧಾಟಿಯಲ್ಲಿ. ಪುರೋಹಿತರು ಅದನ್ನು ದೀಪದ ಕಂಬ ಅಂದುಕೊಂಡು ಬತ್ತಿ ಎಲ್ಲಿಡುವುದು ಅಂತ ಸುತ್ತಲೂ ತಡವಿದರು.

ಅದು ನಿಂಬೆಹಣ್ಣು ಹಿಂಡುವ ಸಾಧನವಂತೆ. ಹೆಸರು ಜ್ಯೂಸಿ ಸಲೀಫ್. ಫ್ರಾನ್ಸಿನ ಫಿಲಿಪ್ ಸ್ಟಾರ್ಕ್ ಎಂಬ ಡಿಸೈನರ್ ಇಟಲಿಯ ಅಲೆಸ್ಸಿ ಕಂಪನಿಗಾಗಿ ಮಾಡಿದ್ದು. 1990ರಲ್ಲಿ ಮಾರುಕಟ್ಟೆಗೆ ಬಂತು. ಇಟಲಿಯ ಸಮುದ್ರತೀರದಲ್ಲಿ ಊಟಕ್ಕೆ ಕೂತವನು ತಟ್ಟೆಯಲ್ಲಿದ್ದ ಸ್ಕ್ವಿಡ್ ಮೀನಿಗೆ ನಿಂಬೆಹಣ್ಣು ಹಿಂಡುತ್ತಾ, ಅಲ್ಲೇ ಕಾಗದದ ನ್ಯಾಪ್‌ಕಿನ್ ಮೇಲೆ ಚಿತ್ರ ಬರೆದನಂತೆ. ಈಗ ಅದು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ಅಸಲಿ ಮಾಲು ನಮ್ಮ ಯೋಗ್ಯತೆಗೆ ಮೀರಿದ್ದು, ಆದ್ದರಿಂದ ಇದು ನಕಲು ಅಂತ ಅವನೇ ಮುಚ್ಚುಮರೆಯಿಲ್ಲದೆ ಹೇಳಿದ.

"ಮೀನಿನ ಆಕಾರವಾ?" ಅತ್ತೆಯ ಮುಖ ಸಣ್ಣಗಾಯಿತು. ಹೋಮದ ಹೊಗೆ ಇನ್ನೂ ಆರಿರಲಿಲ್ಲ.

ಮರುದಿನ ಚಿತ್ರಾನ್ನಕ್ಕೆ ಅದರ ಪರೀಕ್ಷೆ ನಡೆಯಿತು. ಮೂರು ಕಾಲಿನ ನಡುವೆ ಲೋಟ ಇಡಬೇಕು, ಅರ್ಧ ಹೋಳನ್ನು ಮಂಡೆ ಮೇಲಿಟ್ಟು ತಿರುಚಬೇಕು, ರಸ ಗೀರುಗಳಲ್ಲಿ ಇಳಿದು ಕೆಳಗಿನ ಮೊನೆಯಿಂದ ಲೋಟಕ್ಕೆ ಬೀಳಬೇಕು. ಬಿದ್ದದ್ದು ಬೀಜ. ರಸದಲ್ಲಿ ಸ್ವಲ್ಪ ಕಾಲುಗಳ ಗುಂಟ ಹರಿದು ಗ್ರಾನೈಟ್ ಕಟ್ಟೆ ಸೇರಿತು, ಸ್ವಲ್ಪ ನನ್ನ ಮೊಣಕೈವರೆಗೆ ಬಂತು, ಉಳಿದದ್ದು ನಮ್ಮವರ ಕಣ್ಣಿಗೆ ಹೋಯಿತು. ಅವರು ಪಕ್ಕದಲ್ಲಿ ನಿಂತು 'ಸ್ವಲ್ಪ ಎಡಕ್ಕೆ ತಿರುಗಿಸು' ಅಂತ ಸಲಹೆ ಕೊಡುತ್ತಿದ್ದರು. ಹಾಗಾಗಿ ನನಗೆ ಅಷ್ಟೇನೂ ಬೇಜಾರಾಗಲಿಲ್ಲ. ಕೊನೆಗೆ ಅತ್ತೆ ಇನ್ನೊಂದು ಹಣ್ಣು ತಗೊಂಡು, ಬೆರಳ ಸಂದಿಯಲ್ಲೇ ಬೀಜ ತಡೆದು, ಎರಡೇ ಹಿಚುಕಿಗೆ ಕೆಲಸ ಮುಗಿಸಿದರು.

ಫೋನ್ ಮಾಡಿ ದೂರು ಹೇಳಿದೆ. ಅವನು ಖುಷಿಯಿಂದ ನಕ್ಕ. ಇದು ನಿಂಬೆ ಹಿಂಡೋಕಲ್ಲ, ಮಾತು ಶುರು ಮಾಡೋಕೆ ಅಂತ ಸ್ಟಾರ್ಕ್ ಹೇಳಿದ ಮಾತು ಪ್ರಸಿದ್ಧವಂತೆ. ಹತ್ತು ವರ್ಷ ತುಂಬಿದಾಗ ಕಂಪನಿ ಚಿನ್ನದ ಲೇಪನದ ಒಂದು ಆವೃತ್ತಿ ತಂದಿತಂತೆ. ಅದಕ್ಕೆ ನಿಂಬೆರಸ ತಾಗಿಸಬೇಡಿ, ಲೇಪನ ಹಾಳಾಗುತ್ತದೆ ಅಂತ ಎಚ್ಚರಿಕೆ ಬೇರೆ! ನಿಂಬೆ ಮುಟ್ಟಬಾರದ ನಿಂಬೆ ಹಿಂಡುಕ. ಅದನ್ನೂ ಜನ ಕೊಂಡಿದ್ದಾರೆ. ಆ ಕಾಸಿಗೆ ನಮ್ಮಲ್ಲಿ ಒಂದು ಜೊತೆ ಓಲೆಯಾದರೂ ಬರುತ್ತಿತ್ತು, ಅಲ್ವಾ?

ಆದರೆ ಮಾತು ಶುರು ಮಾಡುವುದರಲ್ಲಿ ಅದಕ್ಕೆ ನೂರಕ್ಕೆ ನೂರು ಕೊಡಬೇಕು. ಸಿಲಿಂಡರ್ ತಂದ ಹುಡುಗ ಸಿಲಿಂಡರ್ ಹೆಗಲ ಮೇಲಿಟ್ಟುಕೊಂಡೇ "ಅದೇನಕ್ಕಾ?" ಅಂದ. ಹೆಪ್ಪಿಗೆ ಮೊಸರು ಕೇಳಲು ಬಂದ ಪಕ್ಕದ ಮನೆಯವರು ಇಟಲಿ, ಮೀನು, ನ್ಯಾಪ್‌ಕಿನ್ ಎಲ್ಲ ಕೇಳಿಸಿಕೊಂಡು ಮೊಸರು ಮರೆತು ಹೋದರು.

ಅದರ ವೈಭವ ಶಿಖರ ಮುಟ್ಟಿದ್ದು 2023ರ ದಸರಾದಲ್ಲಿ. ನಮ್ಮಲ್ಲಿ ಗೊಂಬೆ ಕೂರಿಸುವ ಪದ್ಧತಿ ಇದೆ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳು, ಕೆಳಗೆ ಅಂಗಡಿ ಇಟ್ಟುಕೊಂಡ ಶೆಟ್ಟಿ ಶೆಟ್ಟಮ್ಮ, ಅವರ ಮುಂದೆ ಚಿಟಿಕೆ ಚಿಟಿಕೆ ಅಕ್ಕಿ ಬೇಳೆ, ಪಕ್ಕದಲ್ಲಿ ರಾಗಿ ಮೊಳಕೆಯ ಪಾರ್ಕು. ಆ ಆಗಸ್ಟಿನಲ್ಲಷ್ಟೇ ಚಂದ್ರಯಾನ-3 ಚಂದ್ರನ ಮೇಲೆ ಇಳಿದಿತ್ತು. ಅತ್ತೆಗೆ ಉಪಾಯ ಹೊಳೆಯಿತು. ಬೂದಿ ಹರಡಿ ಚಂದ್ರನ ನೆಲ ಮಾಡಿದರು. ಅದರ ಮೇಲೆ ನಿಂಬೆ ಹಿಂಡುಕ ನಿಲ್ಲಿಸಿ ಒಂದು ಪುಟ್ಟ ಬಾವುಟ ಸಿಕ್ಕಿಸಿದರು. ಬಂದವರೆಲ್ಲ ಬೆರಗಾದರು. ಆರತಿಗೆ ಬಂದ ಮೂರನೇ ಕ್ಲಾಸಿನ ಒಬ್ಬ ಹುಡುಗ ಮಾತ್ರ ಚಕ್ಕುಲಿ ಕಡಿಯುತ್ತಾ ಅಂದ: "ಅಜ್ಜಿ, ವಿಕ್ರಮ್‌ಗೆ ನಾಲ್ಕು ಕಾಲು. ಇದಕ್ಕೆ ಮೂರೇ ಇದೆ."

"ಇನ್ನೊಂದು ಕಾಲು ಹಿಂದುಗಡೆ ಇದೆ ಕಂದ, ಕಾಣಲ್ಲ" ಅಂದರು ಅತ್ತೆ. ಹುಡುಗ ಹಿಂದೆ ಹೋಗಿ ನೋಡಿ ಬಂದ. ಅವನಿಗೆ ಇನ್ನೊಂದು ಚಕ್ಕುಲಿ ಕೊಟ್ಟು ಬಾಯಿ ಮುಚ್ಚಿಸಬೇಕಾಯಿತು.

ಮುಂದಿನ ಉಡುಗೊರೆ ಓಡಿಹೋಗುವ ಅಲಾರಂ ಗಡಿಯಾರ. ಇದರ ಮೂಲ ಕಲ್ಪನೆ ಗೌರಿ ನಂದಾ ಅವರದು. ಅಮೆರಿಕದ ಎಂಐಟಿಯಲ್ಲಿ ಓದುವಾಗ, ಎರಡು ಗಾಲಿಯ 'ಕ್ಲಾಕಿ' ಎಂಬ ಗಡಿಯಾರ ಮಾಡಿದರು. ಅಲಾರಂ ಬಾಯಿ ಮುಚ್ಚಿಸಿ ಮತ್ತೆ ಮಲಗಿದರೆ ಅದು ಮೇಜಿನಿಂದ ಹಾರಿ, ಕಿರುಚುತ್ತಾ ಓಡಿ, ಎಲ್ಲೋ ಬಚ್ಚಿಟ್ಟುಕೊಳ್ಳುತ್ತದೆ. ನಿಲ್ಲಿಸಬೇಕಾದರೆ ಎದ್ದು ಹುಡುಕಲೇಬೇಕು. ಇದಕ್ಕೆ 2005ರ ಇಗ್ ನೊಬೆಲ್ ಬಂತು. ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಕೆಲಸಗಳಿಗೆ ಕೊಡುವ ಪ್ರಶಸ್ತಿ ಅದು. ಕೊಟ್ಟದ್ದು ಅರ್ಥಶಾಸ್ತ್ರ ವಿಭಾಗದಲ್ಲಿ, ಜನ ಬೇಗ ಎದ್ದರೆ ದುಡಿಯುವ ಗಂಟೆಗಳು ಜಾಸ್ತಿಯಾಗುತ್ತವೆ ಅಂತ.

ನಮಗೆ ಬಂದದ್ದು ಅದೇ ಜಾತಿಯ, ಹೆಸರಿಲ್ಲದ ಒಂದು ಗಡಿಯಾರ. ಕೊಟ್ಟದ್ದು ನಮ್ಮವರಿಗೆ. ಮೊದಲ ಬೆಳಿಗ್ಗೆಯೇ ಅದು ಸ್ಟೂಲಿನಿಂದ ಧುಮುಕಿ, ಹಜಾರ ದಾಟಿ, ನೆಟ್ಟಗೆ ದೇವರ ಮನೆಗೆ ನುಗ್ಗಿತು. ಅತ್ತೆ ಒದ್ದೆ ಸೀರೆಯಲ್ಲಿ ಮಡಿಯಲ್ಲಿದ್ದರು. ಗಡಿಯಾರ ಮಂಟಪದ ಅಡಿಗೆ ಸೇರಿಕೊಂಡು ಕುಂಯ್ ಕುಂಯ್ ಅಂತ ಸುತ್ತತೊಡಗಿತು. "ಮುಟ್ಟೋ ಹಾಗಿಲ್ಲ, ಬಿಡೋ ಹಾಗಿಲ್ಲ, ಯಾರಾದ್ರೂ ಬನ್ರೇ!" ಅಂತ ಅವರು ಕೂಗಿದರು. ನಾನು ಸ್ನಾನ ಮಾಡದೆ ಒಳಗೆ ಹೋಗುವಂತಿಲ್ಲ. ಕಡೆಗೆ ಅದರ ಸದ್ದಿನಲ್ಲೇ ಮಂಗಳಾರತಿ ಆಯಿತು. ಗಂಟೆ ಬಾರಿಸುವ ಶ್ರಮ ಉಳಿಯಿತು ಅಂತ ಆಮೇಲೆ ಅತ್ತೆಯೇ ಒಪ್ಪಿಕೊಂಡರು. ಅಂದು ನಾನು, ಅತ್ತೆ, ಮಗಳು, ಕೆಳಗಿನ ಮನೆಯವರು ಎಲ್ಲ ಎದ್ದೆವು. ನಮ್ಮವರು ಮಗ್ಗುಲು ಬದಲಿಸಿದರು.

ಈಗ ಆ ಗಡಿಯಾರ ಬಾಲ್ಕನಿಯಲ್ಲಿ ಪಾರಿವಾಳ ಓಡಿಸುವ ಕೆಲಸಕ್ಕಿದೆ. ಮೊದಮೊದಲು ಅವು ಹೆದರಿ ಹಾರುತ್ತಿದ್ದವು. ಈಗ ಅದರ ಮೇಲೇ ಕೂರುತ್ತವೆ.

ಬಿಸಿ ತಾಗಿದರೆ ಚಿತ್ರ ಮೂಡುವ ಕಪ್ಪು ಮಗ್ಗಿನ ಕಥೆ ಚಿಕ್ಕದು. ಅದರ ಮೇಲಿನ ಕಪ್ಪು ಶಾಯಿ ಬಿಸಿಗೆ ಪಾರದರ್ಶಕವಾಗಿ, ಅಡಿಯಲ್ಲಿರುವ ನಮ್ಮ ಕುಟುಂಬದ ಫೋಟೋ ಕಾಣುತ್ತದೆ. ಆದರೆ ಆ ಮಗ್ಗು ಅಮೆರಿಕದ ಅಳತೆಯದು, ನಾವು ಕುಡಿಯುವುದು ಎರಡು ಗುಟುಕು ಫಿಲ್ಟರ್ ಕಾಫಿ. ಬಿಸಿ ಎಲ್ಲಿವರೆಗೋ ಚಿತ್ರ ಅಲ್ಲಿವರೆಗೆ. ಹೀಗಾಗಿ ನಮ್ಮ ಮನೆಗೆ ಬಂದವರು ಇದುವರೆಗೆ ನೋಡಿರುವುದು ನಮ್ಮ ನಾಲ್ವರ ಚಪ್ಪಲಿಗಳನ್ನು ಮಾತ್ರ.

ಇಷ್ಟಾದರೂ ಅವನನ್ನು ಬೈಯಲು ಮನಸ್ಸು ಬರುವುದಿಲ್ಲ. ಅವನು ಹೇಳುವ ಕಥೆಗಳು ಚೆನ್ನಾಗಿರುತ್ತವೆ. ಜಪಾನಿನಲ್ಲಿ ಕೆಂಜಿ ಕವಾಕಾಮಿ ಎಂಬವರು 'ಚಿಂದೋಗು' ಅಂತ ಒಂದು ಕಲೆಯನ್ನೇ ಹುಟ್ಟುಹಾಕಿದ್ದಾರೆ. ನೂಡಲ್ಸ್ ಆರಿಸಲು ಊಟದ ಕಡ್ಡಿಗೆ ಪುಟಾಣಿ ಫ್ಯಾನು, ಶೂ ನೆನೆಯದಿರಲು ಅದರ ಮೂತಿಗೆ ಕೊಡೆ, ನೆಗಡಿಯಾದವರ ತಲೆ ಮೇಲೆ ಟಿಶ್ಯೂ ಕಾಗದದ ಸುರುಳಿ. ಕೆಲಸ ಮಾಡಬೇಕು, ಆದರೆ ಯಾರೂ ಬಳಸುವಂತಿರಬಾರದು. ಮಾರಬಾರದು, ಪೇಟೆಂಟ್ ಮಾಡಿಸಬಾರದು. ಇವೇ ಅದರ ನಿಯಮಗಳು. 1990ರ ದಶಕದ ಅವರ ಸಂಗ್ರಹದಲ್ಲಿ ಕೋಲಿನ ತುದಿಗೆ ಕ್ಯಾಮೆರಾ ಸಿಕ್ಕಿಸಿ ತನ್ನ ಫೋಟೋ ತಾನೇ ತೆಗೆದುಕೊಳ್ಳುವ ಸಾಧನವೂ ಇತ್ತು. ಆಗ ನಕ್ಕ ಜಗತ್ತು ಆಮೇಲೆ ಅದೇ ಕೋಲು ಹಿಡಿದು ನಮ್ಮ ಅರಮನೆ ಮುಂದೆ ನಿಂತಿತು.

1975ರಲ್ಲಿ ಕ್ಯಾಲಿಫೋರ್ನಿಯಾದ ಗ್ಯಾರಿ ಡಾಲ್ ಎಂಬಾತ ಕಲ್ಲನ್ನೇ ಸಾಕುಪ್ರಾಣಿ ಅಂತ ಮಾರಿದ ಕಥೆ ಅತ್ತೆಗೆ ಬಲು ಇಷ್ಟ. ಉಸಿರಾಡಲು ತೂತಿರುವ ಪೆಟ್ಟಿಗೆ, ಒಳಗೆ ಹುಲ್ಲು, ಸಾಕುವ ವಿಧಾನದ ಕೈಪಿಡಿ. 'ಕೂತ್ಕೋ' ಅಂದರೆ ಕಲ್ಲು ತಕ್ಷಣ ಕೇಳುತ್ತದೆ. ಬೆಲೆ ಸುಮಾರು 4 ಡಾಲರ್. ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾದವು. "ಪೆಟ್ಟಿಗೆ ಯಾಕೆ ಬೇಕಿತ್ತು? ಅರಿಶಿನ ಕುಂಕುಮ ಹಚ್ಚಿದ್ದರೆ ಸಾಕಿತ್ತು" ಅಂದರು ಅತ್ತೆ.

ಕಳೆದ ವರ್ಷ ಅವನೇ ಬೆಂಗಳೂರಲ್ಲಿ ಫ್ಲಾಟ್ ಕೊಂಡ. ಏನು ಕೊಡುವುದು? ಅತ್ತೆ ಯಾರನ್ನೂ ಕೇಳದೆ ದೇವರಾಜ ಮಾರುಕಟ್ಟೆ ಕಡೆ ಹೋಗಿ ಒಂದು ಈಳಿಗೆ ಮಣೆ ತಂದರು. ಬಾಗಿದ ಅಲಗು, ತುದಿಯಲ್ಲಿ ಕಾಯಿ ತುರಿಯುವ ಹಲ್ಲು, ಅಡಿಯಲ್ಲಿ ಹಲಗೆ. ಅದನ್ನು ಹಳೆ ಟವೆಲಿನಲ್ಲಿ ಸುತ್ತಿ ತೊಡೆ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೊರಟೆವು. ಪಕ್ಕದ ಸೀಟಿನವರು ಟವೆಲಿನ ತುದಿಯಿಂದ ಇಣುಕಿದ ಹಲ್ಲು ನೋಡಿ ಮದ್ದೂರಿಗೆ ಮುಂಚೆಯೇ ಜಾಗ ಬದಲಿಸಿದರು.

ಅವನಿಗೆ ಮಾತೇ ಹೊರಡಲಿಲ್ಲ. ಆಮೇಲೆ ಹೊರಟ ಮಾತು ನಿಲ್ಲಲಿಲ್ಲ. "ದೊಡ್ಡಮ್ಮ, ಇದರ ಮೇಲೆ ಕೂತರೆ ನಮ್ಮ ಭಾರವೇ ಕ್ಲಾಂಪು! ಎರಡೂ ಕೈ ಖಾಲಿ! ಒಂದು ಸ್ಕ್ರೂ ಇಲ್ಲ, ಒಂದು ಬಟನ್ ಇಲ್ಲ!" ಊಟದ ಹೊತ್ತಿಗೆ ಅದು ಹಜಾರದ ಬಿಳಿ ಗೋಡೆ ಮೇಲಿತ್ತು. ಮೇಲೊಂದು ಪುಟ್ಟ ದೀಪ. ಅವನ ಗೆಳೆಯರು ತಲೆ ಓರೆ ಮಾಡಿ ನೋಡುತ್ತಿದ್ದರು.

ಚಟ್ನಿಗೆ ಕಾಯಿ ಬೇಕಾಯಿತು. ಅತ್ತೆ ಸ್ಟೂಲ್ ಹತ್ತಿ, ಕಲಾಕೃತಿಯನ್ನು ಇಳಿಸಿ, ಗೆಳೆಯರ ನಡುವೆಯೇ ನೆಲದ ಮೇಲೆ ಒಂದು ಕಾಲು ಮಡಚಿ ಕೂತು, ಪರಪರ ತುರಿದರು.

"ಅಯ್ಯೋ ದೊಡ್ಡಮ್ಮ, ಅದು ಡಿಸೈನ್!"

"ಹೌದಪ್ಪ. ಚಟ್ನಿಗೆ ಕಾಯಿ ಏನು ಗೋಡೆ ತುರಿಯುತ್ತಾ?"

ಮೂರು ಮೊಬೈಲುಗಳು ವೀಡಿಯೋ ಮಾಡಿದವು. ಆನ್‌ಲೈನಲ್ಲಿ ಸಿಗುತ್ತಾ ಆಂಟಿ ಅಂತ ಒಬ್ಬಳು ಕೇಳಿದಳು. ದಿನಾ ಜಿಮ್ಮಿಗೆ ಹೋಗುವ ಹುಡುಗನೊಬ್ಬ ನಾನೂ ನೋಡುತ್ತೇನೆ ಅಂತ ಮಣೆ ಮೇಲೆ ಕೂತ. ಕೂತದ್ದೇನೋ ಸರಿ. ಎಬ್ಬಿಸಲು ಇಬ್ಬರು ಬೇಕಾದರು. ಅಷ್ಟರಲ್ಲಿ ಅತ್ತೆ ಚಟ್ನಿ ರುಬ್ಬಿ, ಇಂಗಿನ ಒಗ್ಗರಣೆಯನ್ನೂ ಹಾಕಿ ಮುಗಿಸಿದ್ದರು.