ಒಂದೂಕಾಲು ಚೀಲದ ಪ್ರಯಾಣಿಕ

‘ಅಯ್ಯೋ, ಫ್ಯಾನಿನ ವಿಮಾನವೇ? ನಾನಂತೂ ಹತ್ತುವುದಿಲ್ಲಪ್ಪ’ ಎಂದು ಬೆಂಗಳೂರಿನ ನಮ್ಮ ಷಡ್ಡಕರು ಮೂಗು ಮುರಿದಾಗ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹಂಪಿ ನೋಡಲು ಬರುತ್ತೇನೆ, ಬರುತ್ತೇನೆ ಎನ್ನುತ್ತಲೇ ಮಕ್ಕಳ ಮದುವೆ ಮುಗಿಸಿದ ಮನುಷ್ಯ. ತೋರಣಗಲ್ಲಿಗೆ ವಿಮಾನವಿದೆ, ಇಳಿದರೆ ಹೊಸಪೇಟೆ ದೂರವೇನಲ್ಲ ಎಂದು ನಾನೇ ಮುಂದಾಗಿ ಹೇಳಿದ್ದೆ. ಅವರಿಗೆ ಬೇಕಾದದ್ದು ಚಪ್ಪಲಿಗೆ ಧೂಳು ಸೋಕದಂತೆ ಒಳಗೆ ನುಗ್ಗುವ ವಿಮಾನ. ನಮ್ಮದು ಬಳ್ಳಾರಿ ಬಿಸಿಲಿನಲ್ಲಿ ನಡೆದುಹೋಗಿ, ಬಾಲದ ಹತ್ತಿರ ಇಳಿಬಿಟ್ಟ ನಾಲ್ಕಾರು ಮೆಟ್ಟಿಲು ಏರಿ, ತಲೆ ತಗ್ಗಿಸಿ ಒಳಹೋಗುವ ವಿಮಾನ. ತಲೆ ತಗ್ಗಿಸುವುದು ಕೆಲವರಿಗೆ ಎಲ್ಲಿಯೂ ಆಗಿಬರುವುದಿಲ್ಲ.

ಫ್ಯಾನಿನ ವಿಮಾನಕ್ಕೆ ಸಲ್ಲಬೇಕಾದ ಗೌರವ ಸಲ್ಲಿಸಿದವರೆಂದರೆ ಸಿರುಗುಪ್ಪದ ನಮ್ಮ ಸೋದರಮಾವ ಒಬ್ಬರೇ. ಮಾವನದು ಭತ್ತದ ವ್ಯಾಪಾರ. ಆಯುಷ್ಯವೆಲ್ಲ ಅಕ್ಕಿ ಗಿರಣಿ, ವೇಬ್ರಿಡ್ಜು, ಹಮಾಲರು, ಲಾರಿಗಳ ನಡುವೆಯೇ ಕಳೆದಿದೆ. ಮೊಣಕಾಲು ತೋರಿಸಲು ಹೈದರಾಬಾದಿಗೆ ಹೊರಟಾಗ ಎಡಗಡೆಯ ಕಿಟಕಿಯೇ ಬೇಕೆಂದು ಹಟ ಹಿಡಿದರು. ತೋರಣಗಲ್ಲಿನಿಂದ ಹೈದರಾಬಾದಿಗೆ ನೇರ ಹಾರಿದರೆ ಸಿರುಗುಪ್ಪ ಎಡಕ್ಕೆ ಬರಬೇಕು, ಮೇಲಿನಿಂದ ತಮ್ಮ ಗದ್ದೆ ನೋಡಬೇಕು ಎಂಬುದು ಅವರ ಲೆಕ್ಕ. ಎಟಿಆರ್ ಎಂಬ ಈ ಫ್ಯಾನಿನ ವಿಮಾನದಲ್ಲಿ ರೆಕ್ಕೆ ತಲೆಯ ಮೇಲಿರುತ್ತದೆ, ಕಿಟಕಿಗೂ ನೆಲಕ್ಕೂ ನಡುವೆ ಅಡ್ಡ ಬರುವುದಿಲ್ಲ. ಆದ್ದರಿಂದ ಲೆಕ್ಕವೇನೂ ತಪ್ಪಲ್ಲ.

ಹತ್ತುವ ಮೊದಲೇ ಮಾವ ವಿಮಾನದ ಬಾಲದ ಬಳಿ ನಿಂತುಬಿಟ್ಟರು. ಜನರೆಲ್ಲ ಹಿಂದಿನ ಬಾಗಿಲಿನಿಂದಲೇ ಏರುವುದರಿಂದ ಬಾಲ ಕುಸಿಯದಿರಲಿ ಎಂದು ಅದರ ಕೆಳಗೆ ಒಂದು ಕಂಬಿ ಊರಿರುತ್ತಾರೆ. ‘ನೋಡೋ, ಎತ್ತು ಬಿಚ್ಚಿದ ಮೇಲೆ ಬಂಡಿಯ ಮೂಕಿಗೆ ಕೋಲು ಕೊಟ್ಟ ಹಾಗೆ ಕೊಟ್ಟಿದ್ದಾರೆ’ ಎಂದು ಅವರು ಮೆಚ್ಚಿ ತಲೆದೂಗಿದರು. ಅಲ್ಲಿಂದ ಅವರನ್ನು ಕದಲಿಸಲು ಕಾವಲಿನ ಹುಡುಗ ಬರಬೇಕಾಯಿತು.

ಒಳಗೆ ಮುಂದಿನ ಸಾಲಿನಲ್ಲಿ ಕುಳಿತು ಬೆಲ್ಟು ಬಿಗಿದುಕೊಂಡಿದ್ದಷ್ಟೇ. ಗಗನಸಖಿ ಬಂದು, ‘ಸರ್, ಇಂದು ಪ್ರಯಾಣಿಕರು ಕಡಿಮೆ. ತೂಕ ಸರಿದೂಗಬೇಕು, ದಯವಿಟ್ಟು ಹಿಂದಕ್ಕೆ ಹೋಗಿ ಕುಳಿತುಕೊಳ್ಳಿ’ ಎಂದಳು. ಬೇರೆಯವರಾಗಿದ್ದರೆ ಗೊಣಗಿಕೊಂಡು ಏಳುತ್ತಿದ್ದರು. ಮಾವ ಏಳಲಿಲ್ಲ. ‘ಹಿಂದೆ ಎಷ್ಟು ಕಡಿಮೆ ಬಿದ್ದಿದೆಯಮ್ಮ?’ ಎಂದು ಕೇಳಿದರು. ಆ ಹುಡುಗಿ ನಕ್ಕಳು. ಮಾವ ನಗಲಿಲ್ಲ. ಹಿಂತಿರುಗಿ ಒಬ್ಬೊಬ್ಬರನ್ನೇ ಅಳೆಯತೊಡಗಿದರು. ನಮ್ಮ ಕಡೆ ಭತ್ತದ ಚೀಲವೆಂದರೆ 75 ಕಿಲೋ. ‘ಆ ಕಾರ್ಖಾನೆಯ ಸಾಹೇಬರು ಒಂದು ಚೀಲ. ಅವರ ಮನೆಯವರು ಮುಕ್ಕಾಲು. ಅಲ್ಲಿ ಮಲಗಿರುವವನು ಒಂದೂವರೆಗೆ ಮೋಸವಿಲ್ಲ. ನಾನು ಒಂದೂಕಾಲು.’ ಆಮೇಲೆ ನನ್ನನ್ನು ನೋಡಿ, ‘ನೀನು ಬರೀ ಜೊಳ್ಳು’ ಎಂದರು.

ಮುಂದಿನ ಬಾಗಿಲಿನಿಂದ ಪೆಟ್ಟಿಗೆಗಳನ್ನು ತುಂಬುತ್ತಿದ್ದುದನ್ನು ಅವರು ಕೆಳಗೆ ನಿಂತಾಗಲೇ ಗಮನಿಸಿದ್ದರಂತೆ. ಪೈಲಟ್ಟಿನ ಬೆನ್ನಿಗೇ ಸಾಮಾನು, ಅದರ ಹಿಂದೆ ನಾವು. ಹಾಗಾದರೆ ಭಾರ ಮುಂದೆಯೇ ಜಾಸ್ತಿ. ಲಾರಿಯಲ್ಲಿ ಹಿಂದೆ ಹೆಚ್ಚಾದರೆ ಸ್ಟಿಯರಿಂಗ್ ಮಾತು ಕೇಳುವುದಿಲ್ಲ, ಮುಂದೆ ಹೆಚ್ಚಾದರೆ ಸ್ಪ್ರಿಂಗಿನ ಪಾಟಾ ಮುರಿಯುತ್ತದೆ. ಇಷ್ಟೆಲ್ಲ ಮನಸ್ಸಿನಲ್ಲೇ ಕೂಡಿ ಕಳೆದು, ‘ಹೇಳಿಕೊಟ್ಟವನು ತಿಳಿದವನೇ ಇದ್ದಾನೆ’ ಎಂದು ತೀರ್ಪು ಕೊಟ್ಟು ಎದ್ದರು. ಹಿಂದಿನ ಸಾಲಿಗೆ ಹೋದವರು ಸುಮ್ಮನಿರಬೇಕಲ್ಲ. ಪಕ್ಕದ ಎಂಜಿನಿಯರಿಗೆ ಹಮಾಲರು ಚೀಲಗಳ ನಿಟ್ಟು ಕಟ್ಟುವ ವಿದ್ಯೆ, ತೇವದ ಭತ್ತದ ತೂಕ, ವೇಬ್ರಿಡ್ಜಿನ ಮೋಸ ಎಲ್ಲವನ್ನೂ ವಿವರಿಸಿದರು. ವಿಮಾನ ಓಡಿತು, ಎದ್ದಿತು, ಹಾರಿತು. ಮಾವ ಕಿಟಕಿಯತ್ತ ತಿರುಗುವ ಹೊತ್ತಿಗೆ ಕೆಳಗೆ ಆಗಲೇ ಮಂತ್ರಾಲಯದ ಸೀಮೆ. ಸಿರುಗುಪ್ಪ ಹಿಂದೆ ಉಳಿದಿತ್ತು. ‘ಬಾಯಿ ಸತ್ತಿತ್ತೇನೋ ನಿನಗೆ, ಹೇಳಬಾರದಿತ್ತೇ?’ ಎಂದು ಹೈದರಾಬಾದಿನವರೆಗೂ ನನ್ನನ್ನು ಬೈದರು.

ಈ ವಿಮಾನವನ್ನು ಬೈಯುವ ಹಕ್ಕು ಇಂಥವರಿಗೆ ಉಂಟು, ಬೆಂಗಳೂರಿನವರಿಗಿಲ್ಲ. ನಾನೂ ಬೈಯುತ್ತೇನೆ. ಸಣ್ಣ ಊರುಗಳಿಗೂ ವಿಮಾನ ತರುವ ಕೇಂದ್ರ ಸರ್ಕಾರದ ಉಡಾನ್ ಯೋಜನೆ ಬಂತು, ಅರ್ಧದಷ್ಟು ಸೀಟುಗಳಿಗೆ ಒಂದು ಗಂಟೆಯ ಹಾರಾಟಕ್ಕೆ ಸುಮಾರು 2,500 ರೂಪಾಯಿಯ ಮಿತಿ ಹಾಕಿದರು, 2017ರ ಸೆಪ್ಟೆಂಬರಿನಲ್ಲಿ ತೋರಣಗಲ್ಲಿಗೆ ಟ್ರೂಜೆಟ್ ಕಂಪನಿಯ ವಿಮಾನ ಹಾರಿ ಬಂತು. ನಷ್ಟ ತುಂಬಿಕೊಡುವ ಸರ್ಕಾರದ ಹಣಕ್ಕೆ ಮೂರು ವರ್ಷದ ಗಡುವು. 2022ರ ಆರಂಭದಲ್ಲಿ ಆ ಕಂಪನಿಯ ಹಾರಾಟವೇ ನಿಂತಿತು. ಆಮೇಲೆ ಬೇರೆಯವರು ಬಂದರು. ಬಳ್ಳಾರಿಗೆಂದೇ ಚಾಗನೂರಿನ ಬಳಿ ನಿಲ್ದಾಣ ಮಾಡುತ್ತೇವೆಂದಾಗ ನೀರಾವರಿ ಜಮೀನು ಬಿಟ್ಟುಕೊಡುವುದಿಲ್ಲವೆಂದು ರೈತರು ಎದ್ದು ನಿಂತರು. ಅವರ ಜಾಗದಲ್ಲಿ ಮಾವನಿದ್ದರೂ ಬಿಡುತ್ತಿರಲಿಲ್ಲ. ಅದೇ ಮಾವ ಮಾರನೆಯ ದಿನ ಬಂದು, ನಮ್ಮೂರಿಗೇಕೆ ವಿಮಾನವಿಲ್ಲ ಎಂದೂ ಕೇಳುತ್ತಿದ್ದರು.

ನನ್ನ ನಿಜವಾದ ತಕರಾರು ರಾತ್ರಿ ಊಟದ ಹೊತ್ತಿಗೆ ಮೊಬೈಲಿಗೆ ಬರುವ ಸಂದೇಶದ್ದು. ಬೆಳಗಿನ ವಿಮಾನ ರದ್ದು, ಕ್ಷಮಿಸಿ, ಅಷ್ಟೇ. ದೊಡ್ಡ ಊರಿನವನಿಗೆ ಮುಂದಿನ ವಿಮಾನ ಒಂದು ತಾಸಿನಲ್ಲಿರುತ್ತದೆ. ನಮಗೆ ಮುಂದಿನ ವಿಮಾನವೆಂದರೆ ಮುಂದಿನ ದಿನ, ಅದೂ ಬಂದರೆ ಬಂತು. ಅದಕ್ಕೇ ಬೆಂಗಳೂರಿಗೆ ಹೋಗುವಾಗ ಹಂಪಿ ಎಕ್ಸ್‌ಪ್ರೆಸ್ಸಿಗೂ ಒಂದು ಟಿಕೆಟ್ ಮಾಡಿಸಿ ಇಟ್ಟುಕೊಳ್ಳುತ್ತೇನೆ. ವಿಮಾನ ಹಾರಿದರೆ ರೈಲಿನವರು ಮುರಿದುಕೊಳ್ಳುವ ದುಡ್ಡು ನನ್ನ ಪಾಲಿನ ವಿಮಾನ ತೆರಿಗೆ.

ಮಾವನಿಗೆ ಇದಕ್ಕೂ ಪರಿಹಾರ ಹೊಳೆದಿದೆ. ಜನ ಸಾಲದ ದಿನ ವಿಮಾನ ನಿಲ್ಲಿಸುವುದೇಕೆ? ಹಿಂದಿನ ಸಾಲುಗಳಲ್ಲಿ ಹತ್ತು ಚೀಲ ಸೋನಾ ಮಸೂರಿ ಹಾಕಿಕೊಂಡು ಹೋಗಲಿ. ತೂಕವೂ ಸರಿದೂಗುತ್ತದೆ, ಬಾಡಿಗೆಯೂ ಹುಟ್ಟುತ್ತದೆ, ತಾವು ಮುಂದಿನ ಕಿಟಕಿಯಿಂದ ಏಳಬೇಕಾಗುವುದೂ ಇಲ್ಲ. ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆದುಕೊಡೆಂದು ಗಂಟುಬಿದ್ದಿದ್ದಾರೆ. ಬರೆದೂ ಆಗಿದೆ. ‘ಇವರಿಗೆ’ ಎಂಬ ಜಾಗವನ್ನು ಮಾತ್ರ ಖಾಲಿ ಬಿಟ್ಟಿದ್ದೇನೆ. ಅಂಚೆಗೆ ಹಾಕುವ ದಿನ ಯಾವ ಕಂಪನಿ ಹಾರುತ್ತಿರುತ್ತದೆಯೋ ಅದರ ಹೆಸರು ಬರೆದರಾಯಿತು.